ಮುಕ್ತ ತಂತ್ರಾಂಶದ ಸಣ್ಣ ಕಂಪನಿಯನ್ನು ಬೆಳೆಸುವ ಬಗೆ: ಪರವಾನಗಿಯ ಆಯ್ಕೆಯಿಂದ ಉತ್ತರಾಧಿಕಾರದವರೆಗೆ

1989ರಲ್ಲಿ ಅಮೆರಿಕದಲ್ಲಿ ಸಿಗ್ನಸ್ ಎಂಬ ಸಣ್ಣ ಕಂಪನಿ ಆರಂಭವಾದಾಗ, ತನ್ನದೇ ಎಂದು ಹೇಳಿಕೊಂಡು ಮಾರಬಹುದಾದ ತಂತ್ರಾಂಶವೇನೂ ಅದರ ಬಳಿ ಇರಲಿಲ್ಲ. ಮುಕ್ತ ತಂತ್ರಾಂಶ ಬರೆಯುವ ಗ್ನೂ ಯೋಜನೆಯ ಕಂಪೈಲರ್ (ಕೋಡನ್ನು ಯಂತ್ರ ನಡೆಸಬಲ್ಲ ರೂಪಕ್ಕೆ ತರುವ ಸಾಧನ), ಡೀಬಗ್ಗರ್ (ದೋಷ ಹುಡುಕುವ ಸಾಧನ) ಮೊದಲಾದವು ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತಿದ್ದವು. ಅವುಗಳನ್ನು ಹೊಸ ಪ್ರೊಸೆಸರ್‌ಗಳಿಗೆ ಹೊಂದಿಸಿಕೊಡುವುದು, ದೋಷ ಕಂಡಾಗ ಸರಿಪಡಿಸುವುದು, ಗ್ರಾಹಕರು ಕೇಳಿದಾಗ ಉತ್ತರಿಸುವುದು, ಇಷ್ಟನ್ನೇ ಸಿಗ್ನಸ್ ಮಾರಿತು. ಹತ್ತು ವರ್ಷಗಳ ನಂತರ, 1999ರಲ್ಲಿ, ಅದನ್ನು ಕೊಂಡುಕೊಳ್ಳುವುದಾಗಿ ಲಿನಕ್ಸ್ ಕಂಪನಿ ರೆಡ್ ಹ್ಯಾಟ್ ಪ್ರಕಟಿಸಿತು.

ಈ ಮಾರ್ಗದರ್ಶಿಯ ಮೂಲ ವಿಚಾರ ಆ ವ್ಯವಹಾರದಲ್ಲೇ ಇದೆ. ಕೋಡ್ ಎಲ್ಲರಿಗೂ ಸಿಗುತ್ತದೆ, ಆದರೆ ಅದರ ಹೊಣೆ ಹೊರುವವರು ಸುಲಭವಾಗಿ ಸಿಗುವುದಿಲ್ಲ. ಮುಕ್ತ ತಂತ್ರಾಂಶದ, ಅಂದರೆ ಯಾರು ಬೇಕಾದರೂ ಕೋಡನ್ನು ಓದಿ, ಬಳಸಿ, ತಿದ್ದಿ, ಹಂಚಬಹುದಾದ ತಂತ್ರಾಂಶದ, ಕಂಪನಿಯ ಸರಕು ಆ ಹೊಣೆಯೇ ಆಗಿದೆ. ಕಂಪನಿ ಬೆಳೆಯುವುದೆಂದರೆ ತಾನು ನಿಜಕ್ಕೂ ಹೊರಬಲ್ಲ ಹೊಣೆಯನ್ನು ಹಂತ ಹಂತವಾಗಿ ಹೆಚ್ಚಿಸಿಕೊಳ್ಳುವುದು. ಈಗಾಗಲೇ ಒಂದಷ್ಟು ಬಳಕೆದಾರರಿರುವ ತಂತ್ರಾಂಶವೊಂದನ್ನು ಬರೆದು, ಇಬ್ಬರಿಂದ ಇಪ್ಪತ್ತು ಜನರ ತಂಡವಾಗಿ ಅದರಿಂದಲೇ ಬದುಕು ಕಟ್ಟಿಕೊಳ್ಳಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯಲಾಗಿದೆ.

ಹಂತ 1: ಏನನ್ನು ಮಾರುತ್ತೀರಿ ಎಂಬುದನ್ನು ಒಂದೇ ಪುಟದಲ್ಲಿ ಬರೆದಿಡಿ

ಮುಕ್ತ ತಂತ್ರಾಂಶದಿಂದ ವರಮಾನ ಗಳಿಸುವ ದಾರಿಗಳು ಹಲವು ಎಂದು ತೋರಿದರೂ, ಅವುಗಳಲ್ಲಿ ಬಹುಪಾಲು ನಾಲ್ಕು ಬಗೆಗಳೊಳಗೆ ಅಡಗುತ್ತವೆ. ಬೆಂಬಲ ಮತ್ತು ನಿರ್ವಹಣೆಯ ವಾರ್ಷಿಕ ಚಂದಾ ಮೊದಲನೆಯದು. ರೆಡ್ ಹ್ಯಾಟ್ ಈ ದಾರಿಯಲ್ಲೇ ನಡೆದು 2012ರ ಆರ್ಥಿಕ ವರ್ಷದಲ್ಲಿ 100 ಕೋಟಿ ಡಾಲರ್ ವರಮಾನವನ್ನು ದಾಟಿತು. ಎರಡನೆಯದು ಜೋಡಿ ಪರವಾನಗಿ: ದತ್ತಸಂಚಯ ತಂತ್ರಾಂಶ ಮೈಎಸ್‌ಕ್ಯೂಎಲ್ ಮತ್ತು ಪ್ರೋಗ್ರಾಮ್‌ಗಳ ಕಿಟಕಿ, ಗುಂಡಿಗಳನ್ನು ಕಟ್ಟಲು ಬಳಸುವ ಕ್ಯೂಟಿ ಮಾಡಿದಂತೆ, ಒಂದೇ ಕೋಡನ್ನು ಜಿಪಿಎಲ್ ಎಂಬ ಮುಕ್ತ ಪರವಾನಗಿಯ (ತಿದ್ದಿ ಹಂಚುವವರು ತಿದ್ದುಪಡಿಯನ್ನೂ ಮುಕ್ತವಾಗಿಡಬೇಕೆನ್ನುವ ಪರವಾನಗಿ) ಅಡಿಯಲ್ಲಿ ಎಲ್ಲರಿಗೂ ಕೊಟ್ಟು, ಜಿಪಿಎಲ್‌ನ ಷರತ್ತುಗಳು ಬೇಡವೆನ್ನುವವರಿಗೆ ಹಣಕ್ಕೆ ಬೇರೆ ಪರವಾನಗಿ ಕೊಡುವುದು. ಮೂರನೆಯದು, ತಿರುಳನ್ನು ಮುಕ್ತವಾಗಿಟ್ಟು ಮೇಲಿನ ಕೆಲವು ಸೌಲಭ್ಯಗಳಿಗೆ ಮಾತ್ರ ಹಣ ಪಡೆಯುವ ಓಪನ್ ಕೋರ್ ಪದ್ಧತಿ. ನಾಲ್ಕನೆಯದು, ತಂತ್ರಾಂಶವನ್ನು ನಿಮ್ಮದೇ ಸರ್ವರ್‌ಗಳಲ್ಲಿ ನಡೆಸಿಕೊಟ್ಟು ತಿಂಗಳ ಶುಲ್ಕ ಪಡೆಯುವುದು.

ಸಣ್ಣ ತಂಡ ಇವುಗಳಲ್ಲಿ ಒಂದನ್ನು ಮುಖ್ಯವೆಂದು ಆರಿಸಿಕೊಳ್ಳಬೇಕು, ಹೆಚ್ಚೆಂದರೆ ಇನ್ನೊಂದನ್ನು ಅದಕ್ಕೆ ಜೊತೆಯಾಗಿಟ್ಟುಕೊಳ್ಳಬಹುದು. ಐದು ಜನರಿರುವ ಕಂಪನಿ ಹಗಲಿರುಳು ಸರ್ವರ್ ಕಾಯುತ್ತಾ, ಬೆಂಬಲ ಒಪ್ಪಂದಗಳನ್ನು ನಿಭಾಯಿಸುತ್ತಾ, ಹಣದ ಆವೃತ್ತಿಯನ್ನೂ ಬೇರೆಯಾಗಿ ಬೆಳೆಸಹೊರಟರೆ ಮೂರೂ ಕೆಲಸಗಳು ಅರೆಬರೆಯಾಗುತ್ತವೆ. ಗ್ರಾಹಕರು ತಂತ್ರಾಂಶವನ್ನು ತಮ್ಮ ಯಂತ್ರಗಳಲ್ಲೇ ಇಟ್ಟುಕೊಳ್ಳಲು ಬಯಸುವವರಾದರೆ ಬೆಂಬಲ ಅಥವಾ ಓಪನ್ ಕೋರ್ ಸರಿಹೋಗುತ್ತದೆ. ತಂತ್ರಾಂಶವನ್ನು ಸ್ಥಾಪಿಸುವುದೇ ಅವರಿಗೆ ತಲೆನೋವಾಗಿದ್ದರೆ ನಡೆಸಿಕೊಡುವ ಸೇವೆ ಸೂಕ್ತ. ಇತರರು ತಮ್ಮ ಉತ್ಪನ್ನದೊಳಗೆ ಸೇರಿಸಿಕೊಳ್ಳುವಂಥ ಲೈಬ್ರರಿ ನಿಮ್ಮದಾದರೆ ಜೋಡಿ ಪರವಾನಗಿಯನ್ನು ಪರಿಶೀಲಿಸಬಹುದು.

ಓಪನ್ ಕೋರ್ ಆರಿಸಿಕೊಂಡವರಿಗೆ ಎದುರಾಗುವ ಅತ್ಯಂತ ಕಠಿಣ ಪ್ರಶ್ನೆ ಗಡಿಯದು. ಯಾವ ಸೌಲಭ್ಯ ಉಚಿತ, ಯಾವುದಕ್ಕೆ ಹಣ? ಕೋಡ್ ಇಟ್ಟು ನಿರ್ವಹಿಸುವ ವೇದಿಕೆಯನ್ನು ಮಾರುವ ಗಿಟ್‌ಲ್ಯಾಬ್ ಇದಕ್ಕೆ ಒಂದು ಸ್ಪಷ್ಟ ಅಳತೆಗೋಲನ್ನು ಇಟ್ಟುಕೊಂಡಿತು: ಒಬ್ಬ ಸಾಮಾನ್ಯ ಪ್ರೋಗ್ರಾಮರ್‌ಗೆ ಮುಖ್ಯವಾಗಿ ಬೇಕಾದ ಸೌಲಭ್ಯ ಉಚಿತ, ವ್ಯವಸ್ಥಾಪಕರಿಗೂ ಅವರ ಮೇಲಿನವರಿಗೂ ಮುಖ್ಯವಾಗಿ ಬೇಕಾದ ಸೌಲಭ್ಯಕ್ಕೆ ಶುಲ್ಕ. ಒಮ್ಮೆ ಮುಕ್ತವಾಗಿ ಬಿಡುಗಡೆಯಾದ ಸೌಲಭ್ಯವನ್ನು ಹಣದ ಆವೃತ್ತಿಗೆ ಎಳೆದುಕೊಳ್ಳುವುದಿಲ್ಲ ಎಂಬ ಭರವಸೆಯನ್ನೂ ಅದು ಬಹಿರಂಗವಾಗಿ ನೀಡಿತು. ನೀವು ಯಾವ ಅಳತೆಗೋಲನ್ನೇ ಇಟ್ಟುಕೊಳ್ಳಿ, ಅದನ್ನು ಬರೆದು ಪ್ರಕಟಿಸಿ. ಒಂದು ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ದೃಢವಾಗಿದೆ: ಭದ್ರತೆಯ ತಿದ್ದುಪಡಿಗಳನ್ನಾಗಲಿ ಸುರಕ್ಷಿತ ಬಳಕೆಗೆ ಬೇಕಾದ ಮೂಲ ಸೌಲಭ್ಯಗಳನ್ನಾಗಲಿ ಹಣದ ಬಾಗಿಲ ಹಿಂದೆ ಇಡಬಾರದು. ಹಾಗೆ ಮಾಡಿದರೆ ಉಚಿತ ಬಳಕೆದಾರರ ಸರ್ವರ್‌ಗಳೇ ದಾಳಿಗೆ ತುತ್ತಾಗಿ, ಕೆಟ್ಟ ಹೆಸರು ನಿಮ್ಮ ತಂತ್ರಾಂಶಕ್ಕೆ ಬರುತ್ತದೆ.

ಹಂತ 2: ಪರವಾನಗಿಯನ್ನು ಮೊದಲೇ ನಿರ್ಧರಿಸಿ, ಮತ್ತೆ ಬದಲಿಸಬೇಕಾಗದಂತೆ ನಿರ್ಧರಿಸಿ

ಅನೇಕರು ತಮ್ಮ ಮೊದಲ ಕೋಡನ್ನು ಪ್ರಕಟಿಸುವ ದಿನ ಪಟ್ಟಿಯಲ್ಲಿ ಮೊದಲು ಕಂಡ ಪರವಾನಗಿಯನ್ನು ಹಾಕಿಬಿಡುತ್ತಾರೆ. ಹವ್ಯಾಸದ ಕೆಲಸಕ್ಕೆ ಅಷ್ಟು ಸಾಕು, ಕಂಪನಿಗೆ ಸಾಲದು. ಎಂಐಟಿ ಮತ್ತು ಅಪಾಚೆ 2.0 ಪರವಾನಗಿಗಳು ಬಹುತೇಕ ಯಾವುದೇ ಬಳಕೆಗೆ ಅವಕಾಶ ಕೊಡುತ್ತವೆ. ಅಪಾಚೆಯಲ್ಲಿ ಪೇಟೆಂಟ್ ಹಕ್ಕಿನ ಬಗ್ಗೆ ಸ್ಪಷ್ಟವಾದ ಅನುಮತಿಯೂ ಇದೆ. ತಿದ್ದಿದ ತಂತ್ರಾಂಶವನ್ನು ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಕೊಡಬೇಕು ಎಂದು ಜಿಪಿಎಲ್ ಹೇಳುತ್ತದೆ. ಆದರೆ ತಂತ್ರಾಂಶವನ್ನು ಯಾರಿಗೂ ಹಂಚದೆ, ತನ್ನ ಸರ್ವರ್‌ನಲ್ಲಿಟ್ಟು ಜಾಲದ ಮೂಲಕ ಮಾತ್ರ ಒದಗಿಸುವವರಿಗೆ ಆ ಷರತ್ತು ಅನ್ವಯಿಸುವುದಿಲ್ಲ. ಈ ಸಂದನ್ನು ಮುಚ್ಚಲೆಂದೇ 2007ರಲ್ಲಿ ಎಜಿಪಿಎಲ್‌ನ 3ನೇ ಆವೃತ್ತಿ ಬಂತು. ತಿದ್ದಿದ ತಂತ್ರಾಂಶವನ್ನು ಜಾಲದ ಮೂಲಕ ಬಳಸುವವರಿಗೂ ಅದರ ಕೋಡನ್ನು ಒದಗಿಸಬೇಕೆಂದು ಅದು ವಿಧಿಸುತ್ತದೆ.

ಹೀಗಾಗಿ ಇತರರ ಪ್ರೋಗ್ರಾಮ್‌ಗಳೊಳಗೆ ಸೇರಬೇಕಾದ ಲೈಬ್ರರಿಗೆ (ಜೋಡಿ ಪರವಾನಗಿ ನಿಮ್ಮ ದಾರಿಯಲ್ಲದಿದ್ದರೆ) ಎಂಐಟಿ ಅಥವಾ ಅಪಾಚೆ, ಸರ್ವರ್‌ನಲ್ಲಿ ಸ್ವತಂತ್ರವಾಗಿ ನಡೆಯುವ ಉತ್ಪನ್ನಕ್ಕೆ ಎಜಿಪಿಎಲ್, ಎಂಬುದು ಸಣ್ಣ ಕಂಪನಿಗೆ ಸಮಂಜಸವಾದ ಆರಂಭ. ಎಜಿಪಿಎಲ್ ಇರುವ ತಂತ್ರಾಂಶವನ್ನು ಬಳಸಲು ಕೆಲವು ದೊಡ್ಡ ಸಂಸ್ಥೆಗಳು ಹಿಂಜರಿಯುತ್ತವೆ ಎಂಬುದು ನಿಜ. ಆ ಹಿಂಜರಿಕೆಯೇ ಕೆಲವೊಮ್ಮೆ ಅವರನ್ನು ಮಾತುಕತೆಗೆ, ಆಮೇಲೆ ಒಪ್ಪಂದಕ್ಕೆ ಕರೆತರುತ್ತದೆ.

ನಡುದಾರಿಯಲ್ಲಿ ಪರವಾನಗಿ ಬದಲಿಸಿದವರಿಗೆ ಏನಾಯಿತು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ. ದತ್ತಸಂಚಯ ಕಂಪನಿ ಮೊಂಗೊಡಿಬಿ 2018ರಲ್ಲಿ ಎಜಿಪಿಎಲ್ ಬಿಟ್ಟು ಎಸ್‌ಎಸ್‌ಪಿಎಲ್ ಎಂಬ ತನ್ನದೇ ಪರವಾನಗಿಗೆ ಹೋಯಿತು. ಮುಕ್ತ ಪರವಾನಗಿಗಳಿಗೆ ಮಾನ್ಯತೆ ಕೊಡುವ ಓಪನ್ ಸೋರ್ಸ್ ಇನಿಶಿಯೇಟಿವ್ ಅದನ್ನು ಮುಕ್ತ ಪರವಾನಗಿಯೆಂದು ಒಪ್ಪಲಿಲ್ಲ. ಹುಡುಕಾಟದ ತಂತ್ರಾಂಶ ಮಾಡುವ ಎಲಾಸ್ಟಿಕ್ 2021ರಲ್ಲಿ ಅಪಾಚೆ 2.0 ಬಿಟ್ಟಾಗ ಅಮೆಜಾನ್ ಹಳೆಯ ಕೋಡಿನಿಂದಲೇ ಓಪನ್‌ಸರ್ಚ್ ಎಂಬ ಕವಲನ್ನು (ಅದೇ ಕೋಡಿನಿಂದ ಹೊರಟು ಬೇರೆಯಾಗಿ ಬೆಳೆಯುವ ಯೋಜನೆಯನ್ನು) ಹುಟ್ಟುಹಾಕಿತು. 2023ರಲ್ಲಿ ಹಶಿಕಾರ್ಪ್ ಪರವಾನಗಿ ಬದಲಿಸಿದಾಗ ಅದರ ತಂತ್ರಾಂಶ ಟೆರಾಫಾರ್ಮ್‌ನಿಂದ ಓಪನ್‌ಟೋಫು ಕವಲೊಡೆಯಿತು. 2024ರಲ್ಲಿ ರೆಡಿಸ್ ಬದಲಿಸಿದಾಗ ವಾಲ್ಕಿ ಹುಟ್ಟಿತು. ಈ ಎರಡು ಕವಲುಗಳೂ ಲಿನಕ್ಸ್ ಫೌಂಡೇಶನ್‌ನ ಆಶ್ರಯ ಪಡೆದವು. ಮುಂದೆ 2024ರಲ್ಲಿ ಎಲಾಸ್ಟಿಕ್, 2025ರಲ್ಲಿ ರೆಡಿಸ್, ಎರಡೂ ಎಜಿಪಿಎಲ್ ಅನ್ನು ಒಂದು ಆಯ್ಕೆಯಾಗಿ ಸೇರಿಸಿ ಮತ್ತೆ ಮುಕ್ತ ಪರವಾನಗಿಗೆ ಮರಳಿದವು. ಅಷ್ಟರಲ್ಲಿ ಕವಲುಗಳು ಸ್ವತಂತ್ರವಾಗಿ ಬೇರೂರಿದ್ದವು. ಆ ಕಂಪನಿಗಳ ಕೈಯಲ್ಲಿ ಹೊಡೆತ ತಾಳಿಕೊಳ್ಳುವಷ್ಟು ಹಣವೂ ಜನರೂ ಇದ್ದರು. ಹತ್ತು ಜನರ ಕಂಪನಿಯ ಬಳಿ ಇರುವುದು ಬಳಕೆದಾರರ ವಿಶ್ವಾಸವೊಂದೇ. ಅದನ್ನು ಎರಡನೇ ಸಲ ಗಳಿಸುವ ಕಾಲಾವಕಾಶ ಅದಕ್ಕೆ ಸಿಗುವುದಿಲ್ಲ.

ಇದರ ಜೊತೆಗೇ ಹೊರಗಿನವರ ಕೊಡುಗೆಯನ್ನು ಯಾವ ಷರತ್ತಿನಲ್ಲಿ ಸ್ವೀಕರಿಸುತ್ತೀರಿ ಎಂಬುದೂ ತೀರ್ಮಾನವಾಗಬೇಕು. ಲಿನಕ್ಸ್ ಕರ್ನಲ್ 2004ರಿಂದ ಬಳಸುತ್ತಿರುವ ಡಿಸಿಒ ಪದ್ಧತಿಯಲ್ಲಿ, ಈ ಕೋಡನ್ನು ಕೊಡುವ ಹಕ್ಕು ತನಗಿದೆ ಎಂದು ಕೊಡುಗೆದಾರರು ಪ್ರತಿ ತಿದ್ದುಪಡಿಯ ಕೆಳಗೆ ಒಂದು ಸಾಲಿನಲ್ಲಿ ದೃಢೀಕರಿಸುತ್ತಾರೆ, ಬೇರೆ ಕಾಗದವಿಲ್ಲ. ಕೊಡುಗೆದಾರರು ಕಂಪನಿಯೊಡನೆ ಮಾಡಿಕೊಳ್ಳುವ ಸಿಎಲ್‌ಎ ಎಂಬ ಒಪ್ಪಂದವು ಸಾಮಾನ್ಯವಾಗಿ ಇದಕ್ಕಿಂತ ವಿಸ್ತಾರವಾದ ಹಕ್ಕನ್ನು ಕಂಪನಿಗೆ ಕೊಡುತ್ತದೆ. ಜೋಡಿ ಪರವಾನಗಿ ನಿಮ್ಮ ದಾರಿಯಾದರೆ ಅಂಥ ಒಪ್ಪಂದ ಅನಿವಾರ್ಯ, ಏಕೆಂದರೆ ಬೇರೆಯವರ ಹಕ್ಕುಸ್ವಾಮ್ಯವಿರುವ ಸಾಲುಗಳನ್ನು ಅವರ ಅನುಮತಿಯಿಲ್ಲದೆ ಬೇರೆ ಷರತ್ತಿನಲ್ಲಿ ಮಾರಲು ಬರುವುದಿಲ್ಲ. ಉಳಿದವರಿಗೆ ಡಿಸಿಒ ಸಾಕೆಂದು ನನ್ನ ಸಲಹೆ. ಜಿಪಿಎಲ್ ಅಥವಾ ಎಜಿಪಿಎಲ್ ಬಳಸುವವರಾದರೆ, ಮುಂದೊಂದು ದಿನ ಕಂಪನಿಯೇ ಏಕಪಕ್ಷೀಯವಾಗಿ ಪರವಾನಗಿ ಬದಲಿಸಲಾಗದಂತೆ ಅದು ನಿಮ್ಮ ಕೈಯನ್ನೂ ಕಟ್ಟುತ್ತದೆ, ಮತ್ತು ಬಳಕೆದಾರರು ಅದನ್ನು ಗಮನಿಸುತ್ತಾರೆ.

ಹಂತ 3: ಹೆಸರನ್ನು ಕಾಪಾಡಿಕೊಳ್ಳಿ

ಕೋಡನ್ನು ಬಿಟ್ಟುಕೊಟ್ಟ ಮೇಲೂ ನಿಮ್ಮದಾಗಿಯೇ ಉಳಿಯುವ ಆಸ್ತಿ ಹೆಸರು. ಟ್ರೇಡ್‌ಮಾರ್ಕ್ ಬಳಸುವ ಹಕ್ಕನ್ನು ತಾನು ಕೊಡುವುದಿಲ್ಲ ಎಂದು ಅಪಾಚೆ 2.0 ಪರವಾನಗಿ ಸ್ಪಷ್ಟವಾಗಿಯೇ ಹೇಳುತ್ತದೆ. ರೆಡ್ ಹ್ಯಾಟ್‌ನ ಕೋಡಿನಿಂದ ಕಟ್ಟಿದ ಸೆಂಟ್‌ಓಎಸ್ ಆರಂಭದ ವರ್ಷಗಳಲ್ಲಿ ಆ ಕಂಪನಿಯ ಹೆಸರನ್ನೂ ಲಾಂಛನವನ್ನೂ ತೆಗೆದುಹಾಕಿ, ಅದನ್ನು 'ಉತ್ತರ ಅಮೆರಿಕದ ಒಬ್ಬ ಪ್ರಮುಖ ಮಾರಾಟಗಾರ' ಎಂಬರ್ಥದ ಮಾತಿನಿಂದ ಸೂಚಿಸಬೇಕಾಯಿತು. ಹಾಗೆಯೇ ಲಿನಕ್ಸ್ ವಿತರಣೆಯಾದ ಡೆಬಿಯನ್ 2006ರಿಂದ ಸುಮಾರು ಹತ್ತು ವರ್ಷ ಫೈರ್‌ಫಾಕ್ಸ್ ಬ್ರೌಸರ್ ಅನ್ನು ಐಸ್‌ವೀಸೆಲ್ ಎಂಬ ಬೇರೆ ಹೆಸರಿನಲ್ಲಿ ಹಂಚಿತು. ವರಮಾನ ಬರತೊಡಗಿದ ಕೂಡಲೇ ಹೆಸರನ್ನು ಕಂಪನಿಯ ಹೆಸರಿನಲ್ಲಿ ನೋಂದಾಯಿಸಿ, ಯಾರು ಅದನ್ನು ಹೇಗೆ ಬಳಸಬಹುದು ಎಂಬ ಒಂದು ಪುಟದ ಸರಳ ನಿಯಮ ಪ್ರಕಟಿಸಿ.

ಹಂತ 4: ಮೊದಲ ಹತ್ತು ಗ್ರಾಹಕರನ್ನು ಬಳಕೆದಾರರೊಳಗಿಂದಲೇ ಹುಡುಕಿ

ಮೊದಲ ಗ್ರಾಹಕರು ಜಾಹೀರಾತಿನಿಂದ ಬರುವುದು ವಿರಳ. ನಿಮ್ಮ ದೋಷವರದಿಗಳ ಪಟ್ಟಿಯನ್ನು ಮತ್ತೊಮ್ಮೆ ಓದಿ: ತಂತ್ರಾಂಶವನ್ನು ನಿತ್ಯದ ಕೆಲಸದಲ್ಲಿ ಬಳಸುತ್ತಿರುವವರು, ಹಳೆಯ ಆವೃತ್ತಿಯಿಂದ ಹೊಸದಕ್ಕೆ ಹೋಗಲು ಪರದಾಡುತ್ತಿರುವವರು, ಕೆಲಸ ನಿಂತಾಗ ರಾತ್ರಿ ಬರೆದವರು, ಇವರೆಲ್ಲ ಅಲ್ಲಿಯೇ ಇದ್ದಾರೆ. ಅವರಲ್ಲಿ ಒಬ್ಬೊಬ್ಬರೊಡನೆಯೂ ಅರ್ಧ ಗಂಟೆ ಮಾತನಾಡಿ, ತಂತ್ರಾಂಶ ಕೈಕೊಟ್ಟರೆ ಅವರಿಗೆ ಆಗುವ ನಷ್ಟವೇನು ಎಂದು ಕೇಳಿ. ಬೆಲೆ ನಿಗದಿಗೆ ಆಧಾರವಾಗಬೇಕಾದದ್ದು ಆ ನಷ್ಟವೇ ಹೊರತು ನಿಮ್ಮ ಕೆಲಸದ ಗಂಟೆಗಳಲ್ಲ.

ದೇಣಿಗೆಯ ಗುಂಡಿ ಇಟ್ಟು ಕಾಯುವುದು ವ್ಯವಹಾರವಾಗುವುದಿಲ್ಲ. 2014ರಲ್ಲಿ ಓಪನ್‌ಎಸ್‌ಎಸ್‌ಎಲ್‌ನಲ್ಲಿ ಹಾರ್ಟ್‌ಬ್ಲೀಡ್ ಎಂಬ ಭದ್ರತಾ ದೋಷ ಬಯಲಾದಾಗ, ಅಂತರ್ಜಾಲದ ದೊಡ್ಡ ಭಾಗದ ಭದ್ರತೆಯನ್ನು ಹೊತ್ತಿದ್ದ ಆ ಯೋಜನೆಗೆ ವರ್ಷಕ್ಕೆ ಬರುತ್ತಿದ್ದ ದೇಣಿಗೆ ಸುಮಾರು 2000 ಡಾಲರ್ ಮಾತ್ರ ಎಂಬುದು ಜಗತ್ತಿಗೆ ತಿಳಿಯಿತು. ಅದನ್ನು ಬಳಸುತ್ತಿದ್ದ ಸಂಸ್ಥೆಗಳಲ್ಲಿ ಹಣಕ್ಕೆ ಕೊರತೆ ಇರಲಿಲ್ಲ. ದೊಡ್ಡ ಸಂಸ್ಥೆಯೊಳಗಿನ ಎಂಜಿನಿಯರ್‌ಗೆ ದೇಣಿಗೆ ಮಂಜೂರು ಮಾಡಿಸುವುದು ಬಹಳ ಕಷ್ಟ. ಆದರೆ ಬಿಲ್, ಒಪ್ಪಂದ ಮತ್ತು ಬೆಂಬಲದ ಭರವಸೆ ಇರುವ ಖರೀದಿಯನ್ನು ಮಂಜೂರು ಮಾಡಿಸುವುದು ಅವರ ದಿನನಿತ್ಯದ ಕೆಲಸ. ಅವರು ಕೊಳ್ಳಬಹುದಾದ ರೂಪದಲ್ಲಿ ನಿಮ್ಮ ಸೇವೆಯನ್ನು ಇಡಬೇಕಾದದ್ದು ನಿಮ್ಮ ಹೊಣೆ.

ಬೆಂಬಲ ಒಪ್ಪಂದದಲ್ಲಿ ಇರಲೇಬೇಕಾದ ಅಂಶಗಳು ಇಷ್ಟು. ಯಾವ ಆವೃತ್ತಿಗಳಿಗೆ ಬೆಂಬಲ ಎಷ್ಟು ಕಾಲ ಇರುತ್ತದೆ. ಯಾವ ತೀವ್ರತೆಯ ಸಮಸ್ಯೆಗೆ ಎಷ್ಟು ಗಂಟೆಯೊಳಗೆ ಮೊದಲ ಉತ್ತರ ಸಿಗುತ್ತದೆ. ಗ್ರಾಹಕರ ಕಡೆಯಿಂದ ಯಾರು ಯಾರು ಸಂಪರ್ಕಿಸಬಹುದು. ಮತ್ತು ಅವರಿಗಾಗಿ ಮಾಡಿದ ತಿದ್ದುಪಡಿ ಮುಖ್ಯ ಕೋಡಿಗೆ ಸೇರಿ ಎಲ್ಲರಿಗೂ ಸಿಗುತ್ತದೆ ಎಂಬ ಷರತ್ತು. ಉತ್ತರಿಸುವ ಅವಧಿಗೆ ಭರವಸೆ ಕೊಡಿ, ಪರಿಹರಿಸುವ ಅವಧಿಗೆ ಕೊಡಬೇಡಿ. ಮೊದಲನೆಯದು ನಿಮ್ಮ ಕೈಯಲ್ಲಿದೆ, ಎರಡನೆಯದು ದೋಷದ ಕೈಯಲ್ಲಿದೆ. ಕೊನೆಯ ಷರತ್ತಿಗೆ ಕೆಲವು ಗ್ರಾಹಕರು ಒಪ್ಪುವುದಿಲ್ಲ. ಆದರೆ ಒಬ್ಬರಿಗಾಗಿ ಬೇರೆಯಾದ ಕೋಡನ್ನು ಕಾಪಾಡಲು ಹೊರಟರೆ, ಮುಂದಿನ ಪ್ರತಿ ಬಿಡುಗಡೆಯಲ್ಲೂ ಅದರ ಕಂದಾಯವನ್ನು ಕಟ್ಟಬೇಕಾಗುತ್ತದೆ. ಅಂಥ ಗ್ರಾಹಕರನ್ನು ವಿನಯದಿಂದ ಬಿಟ್ಟುಕೊಡುವುದೇ ಮೇಲು.

ಒಬ್ಬ ಗ್ರಾಹಕರಿಂದಲೇ ವರಮಾನದ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬರತೊಡಗಿದರೆ ಎಚ್ಚರವಹಿಸಿ. ಆ ಹೊತ್ತಿಗೆ ಉತ್ಪನ್ನದ ಮುಂದಿನ ದಾರಿಯನ್ನು ನಿರ್ಧರಿಸುತ್ತಿರುವವರು ನೀವಲ್ಲ.

ಹಂತ 5: ಮೇಂಟೈನರ್‌ಗಳ ಸಮಯವನ್ನು ಲೆಕ್ಕವಿಟ್ಟು ಖರ್ಚುಮಾಡಿ

ಮೇಂಟೈನರ್ ಎಂದರೆ ಕೋಡನ್ನು ನೋಡಿಕೊಂಡು, ಕೊಡುಗೆಗಳನ್ನು ಪರಿಶೀಲಿಸಿ, ಬಿಡುಗಡೆ ಮಾಡುವವರು. ಸಣ್ಣ ಕಂಪನಿ ಬೀಳುವುದು ಬಹುಮಟ್ಟಿಗೆ ಇಲ್ಲಿಯೇ. ಬಳಕೆದಾರರು ಹತ್ತುಪಟ್ಟಾದಾಗ ಪ್ರಶ್ನೆಗಳೂ ಹತ್ತುಪಟ್ಟಾಗುತ್ತವೆ, ವರಮಾನ ಅಷ್ಟೇ ವೇಗದಲ್ಲಿ ಏರುವುದಿಲ್ಲ, ಉತ್ತರಿಸುವ ಕೈಗಳಂತೂ ಅವೇ ಎರಡೋ ಮೂರೋ. ವಾರದ ಸಮಯವನ್ನು ಮೊದಲೇ ಪಾಲುಮಾಡಿಡಿ: ಹಣ ಕೊಟ್ಟವರ ಕೆಲಸಕ್ಕೆ ಇಷ್ಟು, ಸಮುದಾಯದ ಪ್ರಶ್ನೆಗಳಿಗೆ ಮತ್ತು ಕೊಡುಗೆಗಳ ಪರಿಶೀಲನೆಗೆ ಇಷ್ಟು, ಯಾರೂ ಕೇಳದಿದ್ದರೂ ಮಾಡಲೇಬೇಕಾದ ಒಳಗಿನ ದುರಸ್ತಿಗೆ ಇಷ್ಟು. ಸಮುದಾಯದ ಪಾಲು ಚಿಕ್ಕದಾದರೂ ಚಿಂತೆಯಿಲ್ಲ, ಆದರೆ ಅದು ನಿಯಮಿತವಾಗಿರಬೇಕು. ಒಂದು ತಿದ್ದುಪಡಿಯನ್ನು ಆರು ತಿಂಗಳು ಮುಟ್ಟದೆ ಬಿಡುವುದಕ್ಕಿಂತ, ಒಂದು ವಾರದೊಳಗೆ ಕಾರಣ ಕೊಟ್ಟು ನಿರಾಕರಿಸುವುದು ಕೊಡುಗೆದಾರರಿಗೆ ತೋರುವ ಹೆಚ್ಚಿನ ಗೌರವ. ಹೊರಗಿನ ಕೊಡುಗೆಯನ್ನು ಸ್ವೀಕರಿಸುವುದೇ ಇಲ್ಲ ಎಂಬ ನಿಲುವೂ ಪ್ರಾಮಾಣಿಕವಾದದ್ದೇ: ಸಾರ್ವಜನಿಕ ಸ್ವತ್ತಾಗಿ ಕೋಡನ್ನು ಬಿಟ್ಟುಕೊಟ್ಟಿರುವ ಎಸ್‌ಕ್ಯೂಲೈಟ್ ಎಂಬ ದತ್ತಸಂಚಯ ಯೋಜನೆ, ತಾನು ಮುಕ್ತವಾದರೂ ಕೊಡುಗೆಗಳಿಗೆ ಮುಕ್ತವಲ್ಲ ಎಂದು ಬಹಿರಂಗವಾಗಿ ಹೇಳಿದೆ, ಮತ್ತು ಅದರ ತಂಡ ಬೆಂಬಲ ಒಪ್ಪಂದಗಳಿಂದ ನಡೆಯುತ್ತಿದೆ.

ಮೇಂಟೈನರ್‌ಗಳ ದಣಿವು ಭದ್ರತೆಯ ಪ್ರಶ್ನೆಯೂ ಹೌದು. 2024ರ ಮಾರ್ಚ್‌ನಲ್ಲಿ ಬಯಲಾದ, ಕಡತಗಳನ್ನು ಕುಗ್ಗಿಸುವ ಎಕ್ಸ್‌ಝಡ್ ತಂತ್ರಾಂಶದ ಪ್ರಕರಣವನ್ನು ಪ್ರತಿಯೊಂದು ಸಣ್ಣ ತಂಡವೂ ವಿವರವಾಗಿ ಅಧ್ಯಯನ ಮಾಡಬೇಕು. ಒಬ್ಬರೇ ನೋಡಿಕೊಳ್ಳುತ್ತಿದ್ದ ಆ ಯೋಜನೆಗೆ ಸಹಾಯಕನಂತೆ ಬಂದ ಅಪರಿಚಿತನೊಬ್ಬ ಎರಡು ವರ್ಷಕ್ಕೂ ಹೆಚ್ಚು ಕಾಲ ಒಳ್ಳೆಯ ಕೆಲಸ ಮಾಡಿ ವಿಶ್ವಾಸ ಗಳಿಸಿದ. ಆ ನಡುವೆ ಬೇರೆ ಹೆಸರುಗಳಿಂದ ಮೇಂಟೈನರ್ ಮೇಲೆ ಒತ್ತಡವೂ ಬಂತು. ಕೊನೆಗೆ ಬಿಡುಗಡೆಯ ಹಕ್ಕು ಪಡೆದವನು ಗುಟ್ಟಾಗಿ ಒಳನುಗ್ಗಲು ಹಿಂಬಾಗಿಲೊಂದನ್ನು ಸೇರಿಸಿಬಿಟ್ಟ. ದಾಳಿಯನ್ನು ಚಾಲೂ ಮಾಡುವ ತುಣುಕು ಎಲ್ಲರಿಗೂ ಕಾಣುವ ಕೋಡ್ ಭಂಡಾರದಲ್ಲಿ ಇರಲಿಲ್ಲ. ಬಳಕೆದಾರರಿಗೆ ಹಂಚುವ ಬಿಡುಗಡೆಯ ಕಟ್ಟಿನಲ್ಲಿ ಮಾತ್ರ ಇತ್ತು. ದೂರದ ಯಂತ್ರಕ್ಕೆ ಸುರಕ್ಷಿತವಾಗಿ ಪ್ರವೇಶಿಸುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡಿನಷ್ಟು ನಿಧಾನವಾದದ್ದನ್ನು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಗಮನಿಸಿ ಬೆನ್ನುಹತ್ತಿದ್ದರಿಂದ ಅದು ಪತ್ತೆಯಾಯಿತು.

ಇದರಿಂದ ಮೂರು ಕೆಲಸಗಳು ಹೊಮ್ಮುತ್ತವೆ. ಬಿಡುಗಡೆಯ ಕಟ್ಟು ಯಾರದೋ ಲ್ಯಾಪ್‌ಟಾಪ್‌ನಿಂದ ಬಾರದೆ, ಭಂಡಾರದಲ್ಲಿರುವ ಕೋಡಿನಿಂದಲೇ ಸ್ವಯಂಚಾಲಿತವಾಗಿ ತಯಾರಾಗಬೇಕು. ಯಾವ ತಿದ್ದುಪಡಿಯೂ, ಸ್ಥಾಪಕರದ್ದೇ ಆಗಿದ್ದರೂ, ಎರಡನೆಯವರ ಕಣ್ಣಿಗೆ ಬೀಳದೆ ಸೇರಬಾರದು. ದಣಿದ ಮೇಂಟೈನರ್ ರಜೆ ಹಾಕಿದರೆ ಯೋಜನೆ ನಿಲ್ಲದಂತೆ ಇನ್ನೊಬ್ಬರು ಸಿದ್ಧರಿರಬೇಕು.

ಹಂತ 6: ಬಿಡುಗಡೆಗೆ ಒಂದು ಪಂಚಾಂಗವಿರಲಿ

ಸಮುದಾಯ ಹೊಸತನ್ನು ಬಯಸುತ್ತದೆ, ಹಣ ಕೊಡುವವರು ಸ್ಥಿರತೆಯನ್ನು ಬಯಸುತ್ತಾರೆ. ಲಿನಕ್ಸ್ ವಿತರಣೆಯಾದ ಉಬುಂಟು ಎರಡು ವರ್ಷಕ್ಕೊಮ್ಮೆ ದೀರ್ಘಾವಧಿ ಬೆಂಬಲದ ಆವೃತ್ತಿ ಬಿಡುಗಡೆ ಮಾಡಿ, ನಡುವೆ ಆರು ತಿಂಗಳಿಗೊಮ್ಮೆ ಇತರ ಆವೃತ್ತಿಗಳನ್ನು ಕೊಡುವುದು ಈ ಎರಡನ್ನೂ ಹೊಂದಿಸಲೆಂದೇ. ಸಣ್ಣ ಕಂಪನಿ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಹಳೆಯ ಆವೃತ್ತಿಗಳ ಹೊಣೆ ಹೊರದಿರಲಿ. ಭದ್ರತಾ ದೋಷವನ್ನು ಗುಟ್ಟಾಗಿ ತಿಳಿಸಲು ಒಂದು ವಿಳಾಸ, ತಿದ್ದುಪಡಿ ಪ್ರಕಟಿಸುವ ಕ್ರಮ, ಒಳಗೆ ಬಳಸಿರುವ ಲೈಬ್ರರಿಗಳ ಪಟ್ಟಿ, ಇವು ಸಿದ್ಧವಿರಬೇಕು. ಯುರೋಪಿನಲ್ಲಿ ಗ್ರಾಹಕರಿದ್ದರೆ ಇದು ಕಾನೂನಿನ ವಿಷಯವೂ ಹೌದು: 2024ರ ಡಿಸೆಂಬರ್‌ನಲ್ಲಿ ಜಾರಿಗೆ ಬಂದ ಯುರೋಪ್ ಒಕ್ಕೂಟದ ಸೈಬರ್ ರೆಸಿಲಿಯನ್ಸ್ ಕಾಯ್ದೆಯಡಿ ದೋಷಗಳನ್ನು ವರದಿ ಮಾಡುವ ಕರ್ತವ್ಯ 2026ರ ಸೆಪ್ಟೆಂಬರ್ 11ರಿಂದ, ಮುಖ್ಯ ಕರ್ತವ್ಯಗಳು 2027ರ ಡಿಸೆಂಬರ್ 11ರಿಂದ ಅನ್ವಯಿಸುತ್ತವೆ. ವ್ಯಾಪಾರಕ್ಕಾಗಿ ತಂತ್ರಾಂಶ ಒದಗಿಸುವ ಕಂಪನಿಯನ್ನು ಆ ಕಾಯ್ದೆ ಹವ್ಯಾಸಿ ಕೊಡುಗೆದಾರರಂತೆ ಕಾಣುವುದಿಲ್ಲ.

ಹಂತ 7: ಜನರನ್ನು ಸೇರಿಸಿಕೊಳ್ಳುವ ಕ್ರಮ

ಮೊದಲ ನೇಮಕಕ್ಕೆ ಸಮುದಾಯದ ಅತ್ಯುತ್ತಮ ಕೊಡುಗೆದಾರರನ್ನೇ ಕರೆಯುವುದು ಸಹಜ, ಹಲವು ಸಲ ಸರಿಯೂ ಹೌದು. ಆದರೆ ನಿನ್ನೆಯವರೆಗೆ ಪ್ರೀತಿಯಿಂದ ಮಾಡಿದ ಕೆಲಸ ಇಂದಿನಿಂದ ಸಂಬಳದ ಕೆಲಸವಾದಾಗ, ಅವರ ಮನಸ್ಸಿನಲ್ಲೂ ಉಳಿದ ಸ್ವಯಂಸೇವಕರ ಮನಸ್ಸಿನಲ್ಲೂ ಏನೋ ಬದಲಾಗುತ್ತದೆ. ಯಾರನ್ನು, ಯಾವ ಕೆಲಸಕ್ಕೆ, ಏಕೆ ಸೇರಿಸಿಕೊಂಡಿರಿ ಎಂಬುದನ್ನು ಸಮುದಾಯಕ್ಕೆ ತೆರೆದು ಹೇಳಿ. ಎರಡನೆಯ ನೇಮಕ ಮತ್ತೊಬ್ಬ ಪ್ರೋಗ್ರಾಮರ್ ಆಗಬೇಕಿಲ್ಲ: ಬಳಕೆಯ ಕೈಪಿಡಿ ಬರೆಯುತ್ತಾ ಗ್ರಾಹಕರ ಪ್ರಶ್ನೆಗಳನ್ನೂ ನೋಡಿಕೊಳ್ಳುವ ಒಬ್ಬರು ಇಡೀ ತಂಡದ ಸಮಯವನ್ನು ಉಳಿಸುತ್ತಾರೆ, ಏಕೆಂದರೆ ಒಳ್ಳೆಯ ಕೈಪಿಡಿಯ ಒಂದು ಪುಟ ನೂರು ಪ್ರಶ್ನೆಗಳನ್ನು ಹುಟ್ಟುವ ಮೊದಲೇ ತಡೆಯಬಲ್ಲದು.

ಹಂತ 8: ಹಣ ಮತ್ತು ವೇಗದ ಬಗ್ಗೆ ನಿರ್ಧರಿಸಿ

ಹೊರಗಿನ ಹೂಡಿಕೆ ತಪ್ಪಲ್ಲ. ಆದರೆ ಅದು ಬೆಳವಣಿಗೆಯ ವೇಗವನ್ನು ನಿಮ್ಮ ಕೈಯಿಂದ ತೆಗೆದುಕೊಳ್ಳುತ್ತದೆ. ಮೈಕ್ ಪರ್ಹಮ್ ಅವರು 2012ರಲ್ಲಿ ಆರಂಭಿಸಿದ ಸೈಡ್‌ಕಿಕ್, ಮುಕ್ತ ತಿರುಳಿನ ಮೇಲೆ ಹಣದ ಆವೃತ್ತಿಗಳನ್ನು ಮಾರುತ್ತಾ ವರ್ಷಗಟ್ಟಲೆ ಅವರೊಬ್ಬರ ಕಂಪನಿಯಾಗಿಯೇ ಲಾಭದಲ್ಲಿ ನಡೆಯಿತು. ಅದು ಎಲ್ಲರಿಗೂ ಸಾಧ್ಯವಾಗದಿರಬಹುದು, ಆದರೆ ಸಾಧ್ಯವೇ ಇಲ್ಲ ಎನ್ನುವ ಮಾತು ಸುಳ್ಳು. ಹೂಡಿಕೆ ಪಡೆಯುವುದಾದರೆ, ಪರವಾನಗಿಯ ಬಗ್ಗೆ ನೀವು ಬಳಕೆದಾರರಿಗೆ ಕೊಟ್ಟಿರುವ ಮಾತನ್ನು ಹೂಡಿಕೆಯ ಒಪ್ಪಂದದಲ್ಲೇ ಬರೆಸಿ. ಬಾಯಿಮಾತಿನ ಭರವಸೆ ಒತ್ತಡದ ದಿನಗಳಲ್ಲಿ ನಿಲ್ಲುವುದಿಲ್ಲ.

ದೊಡ್ಡ ಕ್ಲೌಡ್ ಕಂಪನಿಯೊಂದು ನಿಮ್ಮ ತಂತ್ರಾಂಶವನ್ನೇ ಸೇವೆಯಾಗಿ ಮಾರತೊಡಗುವ ದಿನ ಬರಬಹುದು. ದತ್ತಾಂಶವನ್ನು ನಕ್ಷೆಗಳಾಗಿ ತೋರಿಸುವ ತಂತ್ರಾಂಶದ ಕಂಪನಿ ಗ್ರಾಫಾನಾ ಇದನ್ನು ಎದುರಿಸಿದ ರೀತಿ ಗಮನಾರ್ಹ: 2020ರ ಕೊನೆಯಲ್ಲಿ ಅಮೆಜಾನ್‌ನೊಡನೆ ಪಾಲುದಾರಿಕೆಯಲ್ಲೇ ಅಂಥ ಸೇವೆ ಪ್ರಕಟವಾಯಿತು, 2021ರಲ್ಲಿ ಗ್ರಾಫಾನಾ ಅಪಾಚೆಯಿಂದ ಎಜಿಪಿಎಲ್‌ಗೆ, ಅಂದರೆ ಮುಕ್ತ ಪರವಾನಗಿಯೊಳಗೇ, ಸರಿಯಿತು. ನಿಮಗೆ ಉಳಿಯುವ ಮೇಲುಗೈ ಎಂದರೆ ತಂತ್ರಾಂಶವನ್ನು ಬರೆದವರೇ ದೋಷ ಸರಿಪಡಿಸುತ್ತಾರೆ ಎಂಬುದು. ಅದನ್ನು ಒಪ್ಪಂದದಲ್ಲೂ ನಡವಳಿಕೆಯಲ್ಲೂ ತೋರಿಸಬೇಕು.

ಬೆಳವಣಿಗೆಯನ್ನು ಅಳೆಯಲು ಡೌನ್‌ಲೋಡ್‌ಗಳ ಸಂಖ್ಯೆಯನ್ನು ನಂಬಬೇಡಿ. ಸ್ವಯಂಚಾಲಿತ ಯಂತ್ರಗಳು ಒಂದೇ ಪ್ಯಾಕೇಜನ್ನು ದಿನಕ್ಕೆ ನೂರಾರು ಸಲ ಇಳಿಸಿಕೊಳ್ಳುತ್ತವೆ. ಒಪ್ಪಂದ ನವೀಕರಿಸಿದ ಗ್ರಾಹಕರ ಪ್ರಮಾಣ, ಮೊದಲ ಉತ್ತರಕ್ಕೆ ತಗಲಿದ ಸಮಯ, ಸ್ಥಾಪಕರ ಕೈಯಿಲ್ಲದೆ ಹೊರಬಂದ ಬಿಡುಗಡೆಗಳ ಸಂಖ್ಯೆ, ಈ ಮೂರನ್ನು ಮೂರು ತಿಂಗಳಿಗೊಮ್ಮೆ ಬರೆದಿಡಿ.

ಹಂತ 9: ಕಂಪನಿ ಇಲ್ಲವಾದರೂ ತಂತ್ರಾಂಶ ಉಳಿಯುವಂತೆ ಕಾಗದಪತ್ರ ಮಾಡಿಡಿ

ಮೈಎಸ್‌ಕ್ಯೂಎಲ್ ಕಂಪನಿಯನ್ನು 2008ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಕಂಪನಿ ಸುಮಾರು 100 ಕೋಟಿ ಡಾಲರ್‌ಗೆ ಕೊಂಡಿತು. 2010ರಲ್ಲಿ ಸನ್ ಒರಾಕಲ್‌ನ ಪಾಲಾಯಿತು. ಮೂಲ ಲೇಖಕರಲ್ಲೊಬ್ಬರು ಅಷ್ಟರೊಳಗೇ, 2009ರಲ್ಲಿ, ಮರಿಯಾಡಿಬಿ ಎಂಬ ಕವಲನ್ನು ಆರಂಭಿಸಿದ್ದರು. ಕಂಪನಿ ಮಾರಾಟವಾಗಬಹುದು, ಮುಚ್ಚಬಹುದು, ಸ್ಥಾಪಕರು ಬೇರೆಯಾಗಬಹುದು. ದೊಡ್ಡ ಗ್ರಾಹಕರು ಈ ಪ್ರಶ್ನೆಯನ್ನು ನೇರವಾಗಿಯೇ ಕೇಳುತ್ತಾರೆ, ಮತ್ತು ಸಣ್ಣ ಕಂಪನಿಯ ಬಳಿ ಅದಕ್ಕೆ ಬರೆದಿಟ್ಟ ಉತ್ತರವಿದ್ದರೆ ಒಪ್ಪಂದ ಸುಲಭವಾಗುತ್ತದೆ.

ಅಂಥ ಉತ್ತರಕ್ಕೆ ಅತ್ಯುತ್ತಮ ಮಾದರಿ ಕ್ಯೂಟಿ ಮತ್ತು ಅದನ್ನು ಬಳಸುವ ಕೆಡಿಇ ಸಮುದಾಯದ ನಡುವಿನದು. ಕ್ಯೂಟಿಯ ಮುಕ್ತ ಬಿಡುಗಡೆ ನಿಂತು ಹನ್ನೆರಡು ತಿಂಗಳಾದರೆ ಅದನ್ನು ಎಂಐಟಿಯಂತೆ ಸಡಿಲವಾದ ಬಿಎಸ್‌ಡಿ ಮಾದರಿಯ ಪರವಾನಗಿಯಲ್ಲಿ ಪ್ರಕಟಿಸುವ ಹಕ್ಕನ್ನು ಕೆಡಿಇ ಫ್ರೀ ಕ್ಯೂಟಿ ಫೌಂಡೇಶನ್ ಹೊಂದಿದೆ. 1998ರಲ್ಲಿ ಆರಂಭವಾದ ಈ ಏರ್ಪಾಡು, ಕ್ಯೂಟಿ ಹಲವು ಒಡೆಯರ ಕೈ ಬದಲಾಯಿಸಿದರೂ ಮುಂದುವರಿದಿದೆ. ನಿಮ್ಮ ಗಾತ್ರಕ್ಕೆ ಪ್ರತಿಷ್ಠಾನ ಬೇಕಿಲ್ಲದಿರಬಹುದು. ಆದರೆ ಜಾಲತಾಣದ ಡೊಮೇನ್ ಯಾರ ಹೆಸರಿನಲ್ಲಿದೆ, ಬಿಡುಗಡೆಗೆ ಸಹಿ ಹಾಕುವ ಕೀಲಿ ಯಾರ ಯಾರ ಬಳಿ ಇದೆ, ಪ್ಯಾಕೇಜ್ ಭಂಡಾರದ ಖಾತೆಗೆ ಎಷ್ಟು ಜನರಿಗೆ ಪ್ರವೇಶವಿದೆ, ಟ್ರೇಡ್‌ಮಾರ್ಕ್ ಕೊನೆಗೆ ಯಾರಿಗೆ ಸೇರಬೇಕು ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ಬರೆದು ಇಬ್ಬರು ಸಹಿ ಮಾಡುವುದಕ್ಕೆ ಒಂದು ಮಧ್ಯಾಹ್ನ ಸಾಕು. ಡೊಮೇನ್ ಸ್ಥಾಪಕರೊಬ್ಬರ ಖಾಸಗಿ ಖಾತೆಯಲ್ಲಿ ಉಳಿದುಬಿಟ್ಟಿರುವುದು ಸಾಮಾನ್ಯ; ಆದ್ದರಿಂದ ಪರಿಶೀಲನೆಯನ್ನು ಅಲ್ಲಿಂದಲೇ ಆರಂಭಿಸಿ.